ಬಿಗಿ ಮೊಳೆ

೨೦೧೨ರ ಜುಲೈ ೧೪, ಶನಿವಾರ, ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ನಾರ್ಮಂಡ್ ಟೆರಿಯೋ ತನ್ನ ಮನೆಯ ಪೂರ್ವದ ಗೋಡೆಗೆ ಉಷ್ಣಮಾಪಕವನ್ನು ಒತ್ತಿ ಹಿಡಿದು, ಗಡಿಯಾರ ನೋಡುತ್ತ ಎರಡು ನಿಮಿಷ ಕಾದು, ನೋಟ್‌ಬುಕ್ಕಿನಲ್ಲಿ ‘೭೧ ಡಿಗ್ರಿ’ ಎಂದು ಬರೆದ. ಅದು ಸೆಲ್ಸಿಯಸ್. ಲೂಯಿಸ್ಟನ್ ಊರಿನವರೆಲ್ಲ ಫ್ಯಾರನ್‌ಹೀಟಿನಲ್ಲಿ ಬೆವರುತ್ತಿದ್ದರು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾರ್ಮಂಡ್ ಒಬ್ಬ ಮಾತ್ರ ಸೆಲ್ಸಿಯಸ್ಸಿನಲ್ಲಿ ಬೆವರುತ್ತಿದ್ದ.

ಆ ಹೊತ್ತಿಗೆ ಪೂರ್ವದ ಗೋಡೆ ನೆರಳಿನಲ್ಲಿರಬೇಕು. ಆದರೆ ಗೋಡೆಯ ನಡುವೆ ಬಾಗಿಲಷ್ಟು ದೊಡ್ಡ ಬಿಸಿಲಿನ ತುಂಡೊಂದು ಹೊಳೆಯುತ್ತಿತ್ತು. ಅದು ಬೀಳುತ್ತಿದ್ದುದು ಪಕ್ಕದ ಮನೆಯ ಜೆರ್ಮೇನ್ ಬೋಲ್ಡಕ್ ಅವರ ಕಿಟಕಿಗಳಿಂದ. ಏಪ್ರಿಲ್‌ನಲ್ಲಿ ಅವರು ಹೊಸ ಗಾಜು ಹಾಕಿಸಿದ್ದರು. ಎರಡು ಪದರದ್ದು, ಬಿಸಿಲನ್ನು ಒಳಗೆ ಬಿಡದೆ ಬಂದ ದಾರಿಗೇ ಅಟ್ಟುವಂಥದ್ದು. ಆ ಬಿಸಿಲಿನ ತುಂಡಿನ ಕೆಳಗೆ, ಕಳೆದ ನವೆಂಬರಿನಲ್ಲಿ ನಾರ್ಮಂಡ್ ಕೈಯಾರೆ ಹೊಡೆದಿದ್ದ, ಹೊರಗೋಡೆಗೆ ಹೊದಿಸುವ ಪ್ಲಾಸ್ಟಿಕ್ಕಿನಂಥ ವಿನೈಲ್ ಪಟ್ಟಿಗಳು ಸುಟ್ಟ ಹಪ್ಪಳದಂತೆ ಉಬ್ಬಿ ಅಲೆಯೆದ್ದಿದ್ದವು.

ಅಲೆ ಅಲ್ಲಿಗೇ ನಿಂತಿರಲಿಲ್ಲ. ಗೋಡೆಯಿಂದ ಹೊರಚಾಚಿದ ಹೊಗೆಗೂಡಿನ ಆಚೆ, ಉತ್ತರದ ತುದಿಯಲ್ಲಿ, ಆ ಗಾಜಿನ ಬೆಳಕು ದಿನದ ಯಾವ ಗಳಿಗೆಯಲ್ಲೂ ಮುಟ್ಟಲಾಗದ ಕಡೆಯಲ್ಲೂ ನಾಲ್ಕು ಪಟ್ಟಿಗಳು ಉಬ್ಬಿದ್ದವು. ನಾರ್ಮಂಡ್ ಅವನ್ನು ನೋಡಿದ. ಪೆನ್ಸಿಲ್ ಕೈಯಲ್ಲೇ ಇತ್ತು. ನೋಟ್‌ಬುಕ್ ಮುಚ್ಚಿ ಜೇಬಿಗಿಳಿಸಿದ.

ಮನೆ ಅವನ ಅಪ್ಪ ಕಟ್ಟಿದ್ದು. ಅಪ್ಪ ನದಿದಂಡೆಯ ಬಟ್ಟೆ ಗಿರಣಿಯಲ್ಲಿ ಬಡಗಿಯಾಗಿದ್ದ. ಹೊರಗೋಡೆಗೆ ಮರದ ಹಲಗೆಗಳನ್ನು ಹೊಡೆದು, ಐದು ವರ್ಷಕ್ಕೊಮ್ಮೆ ಬಿಳಿ ಬಣ್ಣ ಬಳಿಯುತ್ತಿದ್ದ. ಅಪ್ಪನ ನಂತರ ಬ್ರಶ್ಶು ಮಗನ ಕೈಗೆ ಬಂತು. ಹೋದ ವರ್ಷ, ಅರವತ್ತೆರಡನೇ ವಯಸ್ಸಿನಲ್ಲಿ, ಏಣಿಯ ಮೇಲೆ ನಿಂತು ಹಳೆಯ ಬಣ್ಣ ಕೆರೆಯುತ್ತಿದ್ದ ನಾರ್ಮಂಡನ ಮೊಣಕಾಲು ನಡುಗಿದ್ದನ್ನು ಹೆಂಡತಿ ಪೋಲೆಟ್ ಅಡುಗೆಮನೆಯಿಂದ ಕಂಡಳು.

“ಇಳಿ ಕೆಳಗೆ! ಈ ಮನೆಗೆ ವಿನೈಲ್ ಹಾಕು. ಇಲ್ದಿದ್ರೆ ಏಣಿ ಹತ್ತೋಕೆ ನಾನು ಬೇರೆ ಗಂಡನ್ನ ಹುಡುಕ್ಕೋತೀನಿ.”

ಅಂಗಡಿಯಿಂದ ಅಂಗೈಯಗಲದ ಹದಿನೇಳು ಮಾದರಿ ತುಂಡುಗಳು ಬಂದವು. ಪೋಲೆಟ್‌ಗೆ ಬೆಣ್ಣೆಹಳದಿ ಬೇಕಿತ್ತು. ನಾರ್ಮಂಡ್ ಎಲ್ಲವನ್ನೂ ಬಿಸಿಲಿಗಿಟ್ಟು, ಯಾವುದು ಎಷ್ಟು ಕಾಯುತ್ತದೆ ಎಂದು ಪಟ್ಟಿ ಮಾಡುತ್ತ ಕುಳಿತ. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಜೆರ್ಮೇನ್ ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು ಕೇಳಿದರು:

“ಆ ಗೋಡೆ ಯಾರದ್ದು, ನಾರ್ಮಂಡ್?”

“ನಮ್ದು, ಮದಾಂ ಬೋಲ್ಡಕ್.”

“ಗೋಡೆ ನಿಮ್ದು, ಸರಿ. ದಿನಾ ನೋಡೋಳು ಯಾರು? ನೀವಿಬ್ರೂ ಒಳಗೆ ಕೂತಿರ್ತೀರಿ. ಬೆಳಗ್ಗೆಯಿಂದ ಸಂಜೆ ತನಕ ಕೌದಿ ಹೊಲೀತಾ ಅದನ್ನ ನೋಡ್ಕೊಂಡಿರೋಳು ನಾನು.”

ಜೆರ್ಮೇನ್‌ಗೆ ಎಪ್ಪತ್ತೆಂಟು. ನಾರ್ಮಂಡ್ ಚಡ್ಡಿ ಹಾಕುತ್ತಿದ್ದ ದಿನಗಳಿಂದಲೂ ಅವರು ಅದೇ ಮನೆಯಲ್ಲಿದ್ದರು. ಅವರ ಮಾತಿಗೆ ಆ ಬೀದಿಯಲ್ಲಿ ಎದುರಾಡುವವರಿರಲಿಲ್ಲ. ಅವರು ತುಂಡುಗಳನ್ನು ಒಂದೊಂದಾಗಿ ತಮ್ಮ ಕಿಟಕಿಯೊಳಗಿಂದ ನೋಡಿ, ಕೊನೆಗೆ ನೀಲಿ ಬೆರೆತ ಬೂದು ಬಣ್ಣದ್ದನ್ನು ಆರಿಸಿದರು. ಮಾರ್ಚ್ ತಿಂಗಳಲ್ಲಿ ಹಿಮ ಕರಗುವ ಮುಂಚಿನ ನದಿಯ ಬಣ್ಣ ಅದು. ಪೋಲೆಟ್ ಮೂರು ದಿನ ಮುನಿಸಿಕೊಂಡಿದ್ದು ಒಪ್ಪಿದಳು.

ಕೆಲಸವನ್ನು ನಾರ್ಮಂಡ್ ತಾನೇ ಮಾಡಿದ. ಪೆಟ್ಟಿಗೆಯೊಳಗಿದ್ದ ಸೂಚನೆಯ ಹಾಳೆಯನ್ನು ಪಾಠಪುಸ್ತಕದಂತೆ ಅಡಿಗೆರೆ ಎಳೆದು ಓದಿದ. ಬಿಸಿಲಿಗೆ ಪಟ್ಟಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮೂರೂ ಮುಕ್ಕಾಲು ಮೀಟರಿನ ಪಟ್ಟಿ ಎಷ್ಟು ಹಿಗ್ಗೀತೆಂದು ಲೆಕ್ಕ ಹಾಕಿ, ಎರಡೂ ತುದಿಗಳಲ್ಲಿ ಏಳೇಳು ಮಿಲಿಮೀಟರ್ ಜಾಗವನ್ನು ಕೂದಲೆಳೆ ತಪ್ಪದಂತೆ ಬಿಟ್ಟ. ಹಾಳೆಯಲ್ಲಿ ಇನ್ನೊಂದು ಮಾತೂ ಇತ್ತು. ಪಟ್ಟಿಯ ಮೇಲಂಚಿನಲ್ಲಿ ಮೊಳೆಗೆಂದು ಉದ್ದುದ್ದ ಸೀಳುಗಳಿರುತ್ತವೆ. ಮೊಳೆಯನ್ನು ಸೀಳಿನ ನಡುವೆ ಹೊಡೆಯಿರಿ, ಪೂರ್ತಿ ಹೊಡೆಯಬೇಡಿ, ಪಟ್ಟಿ ಅದರ ಮೇಲೆ ನೇತಾಡಿಕೊಂಡಿರಲಿ.

ಮೊದಲ ಮೂರು ಸಾಲನ್ನು ಹಾಗೆಯೇ ಹೊಡೆದ. ಆಗ ನದಿಯ ಕಡೆಯಿಂದ ಗಾಳಿ ಬಂತು. ಮೂರೂ ಸಾಲು ಕಟಕಟ ಎಂದು ಹಲ್ಲು ಕಡಿದವು. ಸಡಿಲ ಮೊಳೆಯ ಸದ್ದು. ಅಪ್ಪ ಹೇಳುತ್ತಿದ್ದ: “ಮೊಳೆ ತಲೆ ಬೆರಳಿಗೆ ಸಿಕ್ತು ಅಂದ್ರೆ ಕೆಲ್ಸ ಮುಗಿದಿಲ್ಲ ಅಂತ.” ಅಪ್ಪ ಹೊಡೆದ ಒಂದೊಂದು ಮೊಳೆಯೂ ಹಲಗೆಗೆ ಸಮನಾಗಿ ಕೂತಿರುತ್ತಿತ್ತು, ಮರಕ್ಕೆ ಹಾಗೆಯೇ ಹೊಡೆಯಬೇಕು. ನಾರ್ಮಂಡ್ ಆಚೀಚೆ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ. ಸುತ್ತಿಗೆಯನ್ನೆತ್ತಿಕೊಂಡು ಮೂರು ಸಾಲಿನ ಮೊಳೆಗಳನ್ನೂ ಬಿಗಿಯಾಗಿ ಹೊಡೆದ. ಸದ್ದು ನಿಂತಿತು. ಉಳಿದ ಇಪ್ಪತ್ತೊಂಬತ್ತು ಸಾಲನ್ನೂ ಹಾಗೆಯೇ ಹೊಡೆದ. ಅಂದು ಹೊರಗೆ ನಾಲ್ಕು ಡಿಗ್ರಿಯಿತ್ತು.

ಇದನ್ನೆಲ್ಲ ಅವನು ಮರೆತಿರಲಿಲ್ಲ. ಜುಲೈ ಹದಿನಾಲ್ಕರ ಮಧ್ಯಾಹ್ನ, ಎದುರಿಗೆ ಹೊಳೆಯುವ ಗಾಜೊಂದು ಸಿಕ್ಕಿದಾಗ, ನೆನಪಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ, ಅಷ್ಟೆ.

ಎರಡೂವರೆಗೆ ಜೆರ್ಮೇನ್ ಅವರ ಬಾಗಿಲು ತಟ್ಟಿ, ನೋಟ್‌ಬುಕ್ ತೆರೆದು ವಿವರಿಸಿದ. ಸೂರ್ಯ ಇಲ್ಲಿ, ಗಾಜು ಇಲ್ಲಿ, ಗೋಡೆ ಇಲ್ಲಿ. ಬಂದ ಕೋನ, ಹೋದ ಕೋನ. ಎಪ್ಪತ್ತೊಂದು ಡಿಗ್ರಿ.

ಜೆರ್ಮೇನ್ ಕನ್ನಡಕವನ್ನು ಸೆರಗಿನಂಥ ತಮ್ಮ ಏಪ್ರನ್ನಿನ ತುದಿಯಲ್ಲಿ ಒರೆಸಿಕೊಂಡು ಚಿತ್ರ ನೋಡಿದರು. “ನನ್ ಕಿಟಕಿಯಿಂದ ನಿನ್ ಗೋಡೆ ಕರಗ್ತಿದ್ಯಾ?”

“ಹಾಗಂತ ಅಳತೆ ಹೇಳ್ತಿದೆ, ಮದಾಂ. ನಿಮ್ಮ ತಪ್ಪಲ್ಲ. ಗಾಜಿನ ಗುಣ ಅದು.”

“ನೀನು ಅಳೆದಿದೀಯ ಅಂದ್ಮೇಲೆ ನಿಜಾನೇ ಇರ್ಬೇಕು,” ಎಂದರು ಜೆರ್ಮೇನ್. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಮೇಲೆ ಅವನಿಗೆ ಬಹಳ ಸಲ ಅನ್ನಿಸಿತು.

ಪ್ರತಿ ಶನಿವಾರ ಸಂಜೆ ಐದಕ್ಕೆ ಚರ್ಚಿನ ಸಭಾಂಗಣದ ಹಾಲಿನಲ್ಲಿ ಊರವರಿಗೆಲ್ಲ ಕಾಳಿನ ಊಟ. ಕಾಕಂಬಿ, ಹಂದಿಯ ಕೊಬ್ಬು ಹಾಕಿ ಇಡೀ ದಿನ ಬೇಯಿಸಿದ ಕಾಳು, ಕಂದು ಬ್ರೆಡ್ಡು, ಎಲೆಕೋಸಿನ ಪಚಡಿ. ಅಂದು ಜೆರ್ಮೇನ್ ಬಂದಿರಲಿಲ್ಲ. ಉದ್ದನೆಯ ಮೇಜಿನಲ್ಲಿ ಯಾರೋ ಕೇಳಿದರು: “ಏನು ಮೇಷ್ಟ್ರೇ, ನಿಮ್ ಗೋಡೆಗೆ ಮಂಗಬಾವು ಬಂದ ಹಾಗಿದೆ?” ಹಾಲಿನಲ್ಲಿ ಅರ್ಧಕ್ಕರ್ಧ ಜನ ಅವನ ಹಳೆಯ ವಿದ್ಯಾರ್ಥಿಗಳು. ನಾರ್ಮಂಡ್ ಕಾಗದದ ಕರವಸ್ತ್ರದ ಮೇಲೆ ಸೂರ್ಯ, ಗಾಜು, ಗೋಡೆಯ ಚಿತ್ರ ಬರೆದು ತೋರಿಸಿದ. ಕರವಸ್ತ್ರ ಮೇಜಿನಿಂದ ಮೇಜಿಗೆ ಹೋಯಿತು. ಅದು ಬಾಗಿಲ ಹತ್ತಿರದ ಮೇಜು ಮುಟ್ಟುವಷ್ಟರಲ್ಲಿ ಜೆರ್ಮೇನ್‌ಗೆ ‘ಭೂತಗನ್ನಡಿ ಅಜ್ಜಿ’ ಎಂಬ ಹೆಸರು ಬಿದ್ದಿತ್ತು.

“ಅವರ ಕಿಟಕಿ ಮುಂದೆ ಕೋಳಿ ಕಟ್ಟಿದ್ರೆ ಒಲೆ ಖರ್ಚೇ ಇಲ್ಲ!” ಎಂದು ಯಾರೋ ಕೂಗಿದರು. ಹಾಲಿನಲ್ಲಿದ್ದವರೆಲ್ಲ ನಕ್ಕರು. ನಾರ್ಮಂಡನೂ ನಕ್ಕ.

ಮರುದಿನ ಮಧ್ಯಾಹ್ನ ಪೂರ್ವದ ಗೋಡೆಯ ಮೇಲೆ ಬಿಸಿಲಿನ ತುಂಡು ಇರಲಿಲ್ಲ. ಜೆರ್ಮೇನ್ ತಮ್ಮ ಎರಡೂ ಕಿಟಕಿಗಳಿಗೆ ಹೊರಗಿನಿಂದ ಮೊಳೆ ಬಡಿದು ಕಂಬಳಿ ಕಟ್ಟಿದ್ದರು. ಗಂಡ ಸೈನ್ಯದಿಂದ ತಂದಿದ್ದ ಒರಟು ಕಂದು ಕಂಬಳಿಗಳು. ಎಪ್ಪತ್ತೆಂಟರ ಹೆಂಗಸು ಮೆಟ್ಟಿಲ-ಸ್ಟೂಲು ಹತ್ತಿ ಅದನ್ನು ಯಾವಾಗ ಹೊಡೆದರೋ ಯಾರೂ ನೋಡಿರಲಿಲ್ಲ.

“ಸಂಜೆ ತೆಗೀತಾರೇನೋ,” ಎಂದ ನಾರ್ಮಂಡ್.

“ಮೊಳೆ ಹೊಡ್ದಿದ್ದನ್ನ ದಿನಾ ಸಂಜೆ ತೆಗೀತಾರಾ?” ಎಂದಳು ಪೋಲೆಟ್.

ಒಂದು ವಾರ ಹೋಯಿತು. ಕಂಬಳಿ ಅಲ್ಲೇ ಇತ್ತು. ಅದರ ಅಂಚಿನಿಂದ ನಡುಮಧ್ಯಾಹ್ನದಲ್ಲೂ ವಿದ್ಯುದ್ದೀಪದ ಹಳದಿ ಗೆರೆಯೊಂದು ಕಾಣುತ್ತಿತ್ತು. ಎರಡನೆಯ ಶನಿವಾರದ ಊಟಕ್ಕೂ ಜೆರ್ಮೇನ್ ಬರಲಿಲ್ಲ. ಗೋಡೆಯ ಅಲೆ ಮಾತ್ರ ತಗ್ಗಲಿಲ್ಲ. ಬೆಳಗಿನ ಬಿಸಿಲಿಗೆ ಇನ್ನೆರಡು ಸಾಲು ಎದ್ದವು. ನಾರ್ಮಂಡ್ ನೋಟ್‌ಬುಕ್ ತೆರೆಯಲಿಲ್ಲ. ಉಬ್ಬಿದ ಪಟ್ಟಿಗಳನ್ನು ಬದಲಿಸಿಬಿಟ್ಟರೆ ಕಣ್ಣ ಮುಂದಿಂದಾದರೂ ಹೋಗುತ್ತದೆ ಎಂದು ಡೋನಿ ಫೆಕ್ಟೋನಿಗೆ ಫೋನ್ ಮಾಡಿದ.

ಡೋನಿಗೆ ನಲವತ್ತನಾಲ್ಕು. ಇಪ್ಪತ್ತು ವರ್ಷದಿಂದ ಊರಿನ ಮನೆಗಳಿಗೆ ವಿನೈಲ್ ಹೊಡೆಯುವುದೇ ಅವನ ಕಸುಬು. ಜುಲೈ ಇಪ್ಪತ್ತನಾಲ್ಕರ ಮಂಗಳವಾರ ಬೆಳಗ್ಗೆ ಟ್ರಕ್ಕಿನಿಂದಿಳಿದು, ಕಾಫಿಯ ಲೋಟವನ್ನು ಬೇಲಿಯ ಮೇಲಿಟ್ಟು, ಅವನು ಗೋಡೆಯ ಉತ್ತರದ ತುದಿಗೇ ನೆಟ್ಟಗೆ ನಡೆದ. ಒಂದು ಪಟ್ಟಿಯ ಮೇಲೆ ಎರಡೂ ಅಂಗೈಯಿಟ್ಟು ಎಡಕ್ಕೆ ನೂಕಿದ. ಬಲಕ್ಕೆ ನೂಕಿದ. ಇನ್ನೊಂದನ್ನು ನೂಕಿದ.

“ಮೇಷ್ಟ್ರೇ, ಇದು ಅಲ್ಲಾಡ್ತಾನೇ ಇಲ್ವಲ್ಲ.”

“ಅಲ್ಲಾಡಬಾರ್ದು ಅಂತಾನೇ...” ಎನ್ನುತ್ತಿದ್ದ ನಾರ್ಮಂಡ್ ಅಲ್ಲಿಗೇ ನಿಲ್ಲಿಸಿದ.

ಡೋನಿ ಜೇಬಿನಿಂದ ಬಾಗಿದ ಕೊಕ್ಕೆ ತೆಗೆದು ಪಟ್ಟಿಯ ಕೆಳಗಿನ ತುಟಿಯನ್ನು ಬಿಡಿಸಿ ಎತ್ತಿದ. ಒಳಗೆ ಮೊಳೆಗಳ ಸಾಲು. ಒಂದೊಂದರ ತಲೆಯೂ ವಿನೈಲನ್ನು ಕಚ್ಚಿ ಗುಳಿ ಮಾಡಿತ್ತು. ಅವನು ತುದಿಯ ಸಂದಿಯಲ್ಲಿ ಬೆರಳಾಡಿಸಿದ.

“ತುದೀಲಿ ಜಾಗ ಏನು ಚೆಂದ ಬಿಟ್ಟಿದೀರಿ! ಒಂದೇ ಸಮ. ಲೆಕ್ಕ ಹಾಕಿ ಬಿಟ್ರಾ?”

“ಹೂಂ.”

“ಬಾಗ್ಲು ಹಾರ್ಹೊಡೆದಿಟ್ಟು ಕುದುರೆ ಕಾಲಿಗೆ ಹಗ್ಗ ಬಿಗಿದಿದೀರಿ. ಎಲ್ಲಿಗೆ ಹೋಗತ್ತೆ ಪಾಪ? ಅದಕ್ಕೇ ಹೊಟ್ಟೆ ಮುಂದಕ್ಕೆ ಬಂದಿದೆ.” ಡೋನಿ ನಗಲು ಶುರುಮಾಡಿ, ಮೇಷ್ಟ್ರ ಮುಖ ನೋಡಿ, ಅರ್ಧಕ್ಕೆ ನುಂಗಿಕೊಂಡ. ಆದರೂ ತಡೆಯಲಾಗಲಿಲ್ಲ. “ಆ ಹಿತ್ತಾಳೆ ಗುಂಡು ನೆನಪಿದ್ಯಾ? ತಣ್ಣಗಿದ್ದಾಗ ಉಂಗುರದೊಳಗೆ ತೂರೋದು, ಕಾಯ್ಸಿದ್ರೆ ಸಿಕ್ಕಿಹಾಕ್ಕೊಳ್ಳೋದು? ‘ಬಿಸಿಯಾದದ್ದಕ್ಕೆ ಜಾಗ ಬೇಕು ಮಕ್ಕಳೇ, ವಸ್ತುವಿಗೂ ಸರಿ, ಮನುಷ್ಯನಿಗೂ ಸರಿ’ ಅಂತಿದ್ರಿ. ಆ ಪಾಠಕ್ಕೇ ನೀವು ನನಗೆ ಡಿ ಗ್ರೇಡ್ ಕೊಟ್ಟಿದ್ದು.”

“ಕಿಟಕಿ?” ಎಂದು ಕೇಳಿದ ನಾರ್ಮಂಡ್. ಕೇಳಬಾರದಿತ್ತು.

“ಕಿಟಕಿಯಿಂದ ಕರಗಿದ್ದು ಬೇರೆ ಥರ ಇರತ್ತೆ. ಬೆಣ್ಣೆ ಕರಗಿದ ಹಾಗೆ ಇಳಿಬಿದ್ದಿರತ್ತೆ. ಇದು ಸಿಕ್ಕಿಹಾಕ್ಕೊಂಡು ಬಾಗಿರೋದು. ಇಲ್ಲಿಗಂತೂ ಆ ಬೆಳಕು ಬರೋದೇ ಇಲ್ಲ, ಹೊಗೆಗೂಡು ಅಡ್ಡ ಇದೆ. ನಿಮಗೆ ಗೊತ್ತಾಗ್ಲಿಲ್ವಾ?”

ನಾರ್ಮಂಡ್ ಆ ಪಟ್ಟಿಗಳ ಕಡೆ ನೋಡಿದ. ಕಿವಿಯ ತುದಿಗಳು ಕಾದವು. ಪ್ರತಿ ವರ್ಷ, ಮೊದಲನೆಯ ಪ್ರಯೋಗದ ದಿನ, ಅವನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ: ‘ನಿಮ್ಮ ಉತ್ತರಕ್ಕೆ ಒಪ್ಪದ ಅಳತೆಯನ್ನು ಮೊದಲು ಬರೆಯಿರಿ.’ ಮೂವತ್ತೊಂದು ಸಲ ಬರೆದಿದ್ದ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಅದಕ್ಕೊಂದು ಮರ್ಯಾದೆಯಿರುತ್ತಿತ್ತು. ಅವನು ನೋಡಿದ್ದ, ನೋಡಿ ಪುಸ್ತಕ ಮುಚ್ಚಿದ್ದ.

ಡೋನಿ ಬೇಲಿಯಾಚೆಯ ಕಂಬಳಿಗಳನ್ನೂ ಮೇಷ್ಟ್ರನ್ನೂ ನೋಡಿ ದನಿ ತಗ್ಗಿಸಿದ. “ನೋಡಿ, ನಾನು ಬಾಯಿ ಬಿಡಲ್ಲ. ಕಿಟಕಿ ಅಂತಾನೇ ಇದ್ದುಬಿಡ್ಲಿ. ಮೊಳೆಗಳನ್ನ ಸಡಿಲ ಮಾಡಿ, ಹಾಳಾದ ಪಟ್ಟಿ ಬದ್ಲಾಯಿಸಿದ್ರೆ ಆಯ್ತು. ಅಜ್ಜಿ ಕಂಬಳಿನೂ ಚಳಿಗಾಲಕ್ಕೆ ಇಳಿಯತ್ತೆ. ಯಾರಿಗೆ ನಷ್ಟ?”

ಅದು ಕರುಣೆಯ ಮಾತು. ಒಬ್ಬ ಹಳೆಯ ವಿದ್ಯಾರ್ಥಿ ತನ್ನ ಮೇಷ್ಟ್ರಿಗೆ ತೋರಿಸಿದ ಕರುಣೆ. ನಾರ್ಮಂಡ್ ಅದನ್ನು ಮೂರು ದಿನ ಇಟ್ಟುಕೊಂಡ. ಆ ಮೂರು ದಿನವೂ ಅಡುಗೆಮನೆಯ ಪೂರ್ವದ ಕಿಟಕಿಯ ಪರದೆ ಸರಿಸಲಿಲ್ಲ.

ಶುಕ್ರವಾರ ಬೆಳಗ್ಗೆ ಪೋಲೆಟ್ ಆ ಪರದೆಯನ್ನು ಸರ್ರನೆ ಎಳೆದಳು. “ಅವರು ಕತ್ತಲಲ್ಲಿ ಕೂತಿರೋದು ಸಾಲ್ದು ಅಂತ ನಾವೂ ಕೂತ್ಕೋಬೇಕಾ? ಡೋನಿ ಏನಂದ ಅಂತ ನನಗೆ ಗೊತ್ತು. ಕಿಟಕಿ ತೆರೆದಿತ್ತು. ನೀನು ಹೇಳ್ತೀಯಾ, ನಾನು ಹೇಳ್ಲಾ?”

ಜೆರ್ಮೇನ್ ಅವರ ಮುಂದಿನ ಕೋಣೆಯಲ್ಲಿ ಹಗಲು ಹತ್ತೂವರೆಗೆ ದೀಪ ಉರಿಯುತ್ತಿತ್ತು. ಚರ್ಚಿನ ಲಾಟರಿಗೆಂದು ಹೊಲಿಯುತ್ತಿದ್ದ ಕೌದಿ ಅವರ ಮಡಿಲಲ್ಲಿತ್ತು; ಕುರ್ಚಿಯ ಪಕ್ಕದಲ್ಲಿ ಬಿಚ್ಚಿ ಹಾಕಿದ ದಾರದ ಗುಪ್ಪೆ.

“ಕಪ್ಪು ಅಂದ್ಕೊಂಡು ಕಡುನೀಲಿ ದಾರದಲ್ಲಿ ಎರಡು ಚೌಕ ಹೊಲ್ದುಬಿಟ್ಟಿದೀನಿ,” ಎಂದರು. “ದೀಪದ ಬೆಳಕು ಸುಳ್ಳು ಹೇಳತ್ತೆ. ಕೂತ್ಕೋ.”

ನಾರ್ಮಂಡ್ ಕೂರಲಿಲ್ಲ. ನಿಂತೇ ಹೇಳಿದ. ಮೊಳೆಯ ವಿಷಯ ಹೇಳಿದ. ಮೂರು ಸಾಲು ಸರಿಯಾಗಿ ಹೊಡೆದು, ಸದ್ದಿಗೆ ನಾಚಿ ಬಿಗಿ ಮಾಡಿದ್ದನ್ನು ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಮದಾಂ, ಇನ್ನೊಂದಿದೆ. ಅವತ್ತು ಇಲ್ಲಿಗೆ ಬರೋ ಮುಂಚೆನೇ ಹೊಗೆಗೂಡಿನ ಆಚೆಗೂ ಉಬ್ಬಿರೋದನ್ನ ನೋಡಿದ್ದೆ. ಬರ್ಕೊಳ್ಲಿಲ್ಲ. ಬೇಕಂತಲೇ ಬರ್ಕೊಳ್ಲಿಲ್ಲ.”

ಜೆರ್ಮೇನ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

“ಚರ್ಚಿನ ಹಾಲಲ್ಲಿ ನನ್ನ ಏನಂತ ಕರೀತಾರೆ, ಗೊತ್ತಾ ನಿನಗೆ?”

“ಗೊತ್ತು.”

“ನಗೋವಾಗ ನೀನೂ ಇದ್ಯಾ?”

“ಇದ್ದೆ. ನಾನೂ ನಕ್ಕೆ.”

“ಹಾಗಾದ್ರೆ ನನಗೆ ಹೇಳಿ ಏನು ಬಂತು? ನನಗೆ ಹೇಳೋದು ಸುಲಭ, ನಾನು ಮುದುಕಿ, ‘ಹೋಗ್ಲಿ ಬಿಡಪ್ಪ’ ಅಂದುಬಿಡ್ತೀನಿ. ತಪ್ಪು ಯಾವ ದಾರೀಲಿ ಹೋಯ್ತೋ ಅದೇ ದಾರೀಲಿ ವಾಪಸ್ ಬರ್ಬೇಕು, ನಾರ್ಮಂಡ್. ನಾಳೆ ಶನಿವಾರ. ನಾನೂ ಬರ್ತೀನಿ.”

ಮರುದಿನ ಸಂಜೆ ಚರ್ಚಿನ ಸಭಾಂಗಣದಲ್ಲಿ ಕಾಳಿನ ಪಾತ್ರೆಗಳು ಮೇಜಿಗೆ ಬಂದ ಮೇಲೆ ನಾರ್ಮಂಡ್ ಎದ್ದು ನಿಂತ. ಕೈಯಲ್ಲಿ ಹೊಸ ಕರವಸ್ತ್ರವಿತ್ತು. ಅದರಲ್ಲಿ ಸೂರ್ಯನಿರಲಿಲ್ಲ, ಗಾಜಿರಲಿಲ್ಲ, ಒಂದು ಸೀಳು, ಒಂದು ಮೊಳೆ ಮಾತ್ರ. ಮೂವತ್ತೊಂದು ವರ್ಷ ತರಗತಿಯ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ಅವನ ದನಿ ಎರಡನೇ ಮೇಜಿಗೂ ಮುಟ್ಟಲಿಲ್ಲ. “ಜೋರಾಗಿ ಹೇಳಿ ಮೇಷ್ಟ್ರೇ!” ಎಂದು ಹಿಂದಿನಿಂದ ಕೂಗು ಬಂತು. ಅವನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮೊಳೆಯದ್ದನ್ನೂ, ಬರೆಯದೆ ಬಿಟ್ಟದ್ದನ್ನೂ.

ಹೇಳಿ ಮುಗಿಸಿ, ಕರವಸ್ತ್ರವನ್ನು ಪಕ್ಕದ ಮೇಜಿಗೆ ದಾಟಿಸಿದ.

“ಮೇಷ್ಟ್ರಿಗೆ ಡಿ!” ಎಂದು ಯಾರೋ ಕೂಗಿದರು. ಹಾಲಿನಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಕೂಗಿದವನು ಡೋನಿಯಲ್ಲ, ಡೋನಿ ತಟ್ಟೆಯಿಂದ ತಲೆಯೆತ್ತದೆ ಕಾಳು ತಿನ್ನುತ್ತಿದ್ದ. ನಗು ಎರಡು ವಾರದ ಹಿಂದಿನದರಷ್ಟೇ ದೊಡ್ಡದಿತ್ತು, ಅದೇ ಗಂಟಲುಗಳಿಂದ ಬಂದಿತ್ತು. ಜೆರ್ಮೇನ್ ನಗಲಿಲ್ಲ. “ಕೂತ್ಕೋ ನಾರ್ಮಂಡ್, ಕಾಳು ಆರಿಹೋಗತ್ತೆ,” ಎಂದು ಬ್ರೆಡ್ಡಿನ ತಟ್ಟೆಯನ್ನು ಅವನ ಕಡೆ ಸರಿಸಿದರು. ಅವರು ನೋಡುತ್ತಿದ್ದರೆಂದು ಅವನು ಎರಡು ತುಂಡು ತಿಂದ.

ಪೂರ್ವದ ಗೋಡೆಯನ್ನು ಮತ್ತೆ ಹೊಡೆಯಲು ಹನ್ನೊಂದು ದಿನ ಹಿಡಿಯಿತು. ಡೋನಿ ಕೊಕ್ಕೆ ಕೊಟ್ಟುಹೋದ. “ಒಂದು ಡೈಮ್ ನಾಣ್ಯದ ದಪ್ಪ ಸಂದು ಬಿಡಿ, ಸಾಕು. ಲೆಕ್ಕ ಬೇಡ,” ಎಂದ. ನಾರ್ಮಂಡ್ ಪ್ರತಿ ಮೊಳೆಯ ತಲೆಯ ಕೆಳಗೂ ಆ ನಾಣ್ಯವನ್ನಿಟ್ಟು ಹೊಡೆದ, ನಾಣ್ಯವನ್ನು ಎಳೆದುಕೊಂಡ. ಗಾಳಿ ಬಂದಾಗ ಪಟ್ಟಿಗಳು ಕಟಕಟ ಎಂದವು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅವನು ಸುತ್ತಿಗೆಯನ್ನು ಎತ್ತಲಿಲ್ಲ.

ಹನ್ನೊಂದನೆಯ ದಿನ ಜೆರ್ಮೇನ್ ಬೇಲಿ ದಾಟಿ ಬಂದು, ಒಂದು ಪಟ್ಟಿಯ ಮೇಲೆ ಅಂಗೈಯಿಟ್ಟು ನೂಕಿದರು. ಅದು ಸರಿಯಿತು, ಬಿಟ್ಟಾಗ ನಿಂತಿತು.

“ಈಗ ಬಾ, ನನ್ನ ಕಂಬಳಿ ತೆಗಿ,” ಎಂದರು. “ಹೊಡೆಯೋದನ್ನ ಹೇಗೋ ಹೊಡೆದೆ. ಕೀಳೋ ಶಕ್ತಿ ಇಲ್ಲ.”

ನಾರ್ಮಂಡ್ ಏಣಿಯನ್ನು ಅವರ ಗೋಡೆಗೆ ಆನಿಸಿ ಹತ್ತಿದ. ಜೆರ್ಮೇನ್ ಕಂಬಳಿಯ ಮೊಳೆಗಳನ್ನು ಹೊಡೆದಿದ್ದು ಹೊಸ ಕಿಟಕಿಯ ಬಿಳಿ ಚೌಕಟ್ಟಿಗೇ. ಒಂದರ ತಲೆಯೂ ಬೆರಳಿಗೆ ಸಿಗಲಿಲ್ಲ.

“ಎಷ್ಟು ಬಿಗಿ ಹೊಡೆದಿದೀರಿ, ಮದಾಂ.”

“ಮತ್ತೆ? ನಿಮ್ಮಪ್ಪನೇ ನನಗೆ ಹೇಳ್ಕೊಟ್ಟಿದ್ದು. ತಲೆ ಕೈಗೆ ಸಿಕ್ಕಿದ್ರೆ ಕೆಲ್ಸ ಮುಗಿದಿಲ್ಲ ಅಂತ.”

ಅವನು ಕಬ್ಬಿಣದ ಇಕ್ಕಳದಿಂದ ಒಂದೊಂದನ್ನೇ ಕಿತ್ತ. ಕಂಬಳಿ ಕೆಳಗೆ ಬಿತ್ತು. ಒಳಗೆ ಕುರ್ಚಿ, ಕೌದಿ, ದಾರದ ಗುಪ್ಪೆಯ ಮೇಲೆ ಬೆಳಕು ಬಿತ್ತು. ಗಾಜಿನಲ್ಲಿ ಅವನ ನೀಲಿ-ಬೂದು ಗೋಡೆ ಕಂಡಿತು. ಗೋಡೆಯನ್ನು ಬಿಚ್ಚಿ ಮತ್ತೆ ಹೊಡೆಯಬಹುದು. ಚೌಕಟ್ಟಿನ ತೂತುಗಳನ್ನು ಅಂಟಿನ ಲೇಪದಿಂದ ಮುಚ್ಚಬಹುದು, ಇಲ್ಲದಂತೆ ಮಾಡಲಾಗದು. ಅವನು ನೋಟ್‌ಬುಕ್ ತೆಗೆದು, ತೆಳ್ಳನೆಯ ತಂತಿಯೊಂದನ್ನು ಒಂದೊಂದು ತೂತಿನೊಳಗೂ ತೂರಿಸಿ, ಎಲ್ಲವನ್ನೂ ಅಳೆದು, ಒಂದನ್ನೂ ಬಿಡದೆ ಬರೆದುಕೊಂಡ. ಎರಡು ಕಿಟಕಿ, ಇಪ್ಪತ್ತೆರಡು ತೂತು. ಸರಾಸರಿ ಆಳ ಹತ್ತೊಂಬತ್ತು ಮಿಲಿಮೀಟರ್.